ಚರ್ಚಿನ ಅಂಗಳದಲ್ಲಿ ಸುಗ್ಗಿ

ಒಂದು ಕುಂಬಳಕಾಯಿಯ ಬೆಲೆ ಎಷ್ಟು? ಸಂತೆಯಲ್ಲಿ ಕೇಳಿದರೆ ಒಂದು ಉತ್ತರ, ಬೆಳೆಹಬ್ಬದ ದಿನ ಚರ್ಚಿನ ಅಂಗಳದಲ್ಲಿ ಕೇಳಿದರೆ ಇನ್ನೊಂದು. ಸಂತೆಯಲ್ಲಿ ಅದು ಒಂದೇ ಸಲ ಮಾರಾಟವಾಗುತ್ತದೆ. ಚರ್ಚಿನಲ್ಲಿ ಸವಾಲು ಕೂಗಿ ಗೆದ್ದವರು ದುಡ್ಡು ಕೊಟ್ಟು, ಕಾಯನ್ನು ಮನೆಗೆ ಒಯ್ಯದೆ ಮತ್ತೆ ಮೇಜಿನ ಮೇಲೆಯೇ ಇಟ್ಟುಬಿಡುತ್ತಾರೆ. ಅದೇ ಕಾಯಿ ಇನ್ನೊಬ್ಬರ ಪಾಲಾಗುತ್ತದೆ, ಅವರೂ ಮರಳಿಸುತ್ತಾರೆ. ಹೀಗೆ ನಾಲ್ಕಾರು ಕೈ ಸುತ್ತಿ ಬರುವಷ್ಟರಲ್ಲಿ ಆ ಕುಂಬಳಕಾಯಿ ತನ್ನ ಸಂತೆಯ ಬೆಲೆಯನ್ನು ಎಷ್ಟೋ ಪಟ್ಟು ಮೀರಿರುತ್ತದೆ. ಗಣಪತಿ ವಿಸರ್ಜನೆಯ ದಿನ ಹಾರ, ಹಣ್ಣು, ಲಡ್ಡುಗಳ ಸವಾಲು ಕೂಗುವುದನ್ನು ಬಲ್ಲ ನಮ್ಮ ಕಡೆಯವರಿಗೆ ಇದೇನೂ ಅಪರಿಚಿತವಲ್ಲ. ಆದರೆ ಚರ್ಚಿನೊಳಗೂ ಇಂಥದೊಂದು ಉಂಟು ಎಂಬುದು ಎಷ್ಟು ಜನಕ್ಕೆ ಗೊತ್ತು?

ಬೆಳೆಹಬ್ಬವೆಂದೂ ಸುಗ್ಗಿ ಹಬ್ಬವೆಂದೂ ಕರೆಯುವ ಈ ಆಚರಣೆ ಹೆಚ್ಚಾಗಿ ಪ್ರಾಟೆಸ್ಟೆಂಟ್ ಸಭೆಗಳದು. ದಕ್ಷಿಣ ಇಂಡಿಯಾ ಸಭೆ, ಅಂದರೆ ಸಿ.ಎಸ್.ಐ. ಚರ್ಚುಗಳಲ್ಲಿ ಇದು ವರ್ಷದ ದೊಡ್ಡ ಕೂಟಗಳಲ್ಲೊಂದು. ಹೊಲ ಇದ್ದವರು ಭತ್ತದ ಸಿವುಡು, ಮೆಕ್ಕೆಜೋಳದ ತೆನೆ, ಬಾಳೆಗೊನೆ, ತೆಂಗಿನಕಾಯಿ ತರುತ್ತಾರೆ. ಕಾಲು ಕಟ್ಟಿದ ನಾಟಿ ಕೋಳಿಯೂ ಒಂದು ಮೂಲೆಯಲ್ಲಿ ಕೂತು ಪ್ರಾರ್ಥನೆಯ ನಡುವೆ ತನ್ನ ಸ್ವರವನ್ನು ಸೇರಿಸುವುದುಂಟು. ಹೊಲ ಇಲ್ಲದವರು ಚಕ್ಕುಲಿ, ಕೇಕು ಮಾಡಿ ತರುತ್ತಾರೆ. ನೌಕರಿಯವರು ಬೆಲ್ಲವನ್ನೋ ಸಕ್ಕರೆಯನ್ನೋ ಕಟ್ಟಿಸಿಕೊಂಡು ಬರುತ್ತಾರೆ. ಎಲ್ಲವನ್ನೂ ಬಲಿಪೀಠದ ಮುಂದೆ ಇರಿಸಿ ಕೃತಜ್ಞತೆಯ ಆರಾಧನೆ ಮುಗಿಸಿದ ಮೇಲೆ ಅಂಗಳದಲ್ಲಿ ಹರಾಜು. ಬಂದ ಹಣ ಸಭೆಯ ಖರ್ಚಿಗೆ, ಸೇವಾ ಕೆಲಸಗಳಿಗೆ ಹೋಗುತ್ತದೆ. ಬೆಳೆಯ ಮೊದಲ ಪಾಲು ದೇವರಿಗೆ ಎಂಬ ಮಾತು ಬೈಬಲಿನ ಹಳೆಯ ಒಡಂಬಡಿಕೆಯಷ್ಟು ಪುರಾತನ. ತುಮಕೂರಿನ ಸಿದ್ಧಗಂಗೆಯ ದಾಸೋಹಕ್ಕೆ ರೈತರು ಬೆಳೆಯ ಪಾಲು ಒಯ್ಯುವುದನ್ನು ಕಂಡವರಿಗೆ ಇದರ ಹಿಂದಿನ ಭಾವನೆಯನ್ನು ಬಿಡಿಸಿ ಹೇಳಬೇಕಾಗಿಲ್ಲ.

ಈಗಿನ ರೂಪದ ಬೆಳೆಹಬ್ಬಕ್ಕೆ ಮಾತ್ರ ಅಷ್ಟು ವಯಸ್ಸಾಗಿಲ್ಲ. ಇಂಗ್ಲೆಂಡಿನ ಕಾರ್ನ್‌ವಾಲ್ ಪ್ರಾಂತದ ಮಾರ್ವೆನ್‌ಸ್ಟೋ ಎಂಬ ಹಳ್ಳಿಯಲ್ಲಿ ಪಾದ್ರಿ ರಾಬರ್ಟ್ ಸ್ಟೀಫನ್ ಹಾಕರ್ 1843ರ ಅಕ್ಟೋಬರ್‌ನಲ್ಲಿ ತನ್ನ ಊರವರನ್ನು ಸುಗ್ಗಿಯ ಕೃತಜ್ಞತೆಗೆಂದು ಚರ್ಚಿಗೆ ಕರೆದ. ಅದೇ ಮುಂದೆ ಎಲ್ಲೆಡೆ ಹಬ್ಬಿತು. (ಅದೇ 1843ರಲ್ಲಿ ಮಂಗಳೂರಿನಲ್ಲಿ ಬಾಸೆಲ್ ಮಿಷನ್ನಿನ ಹರ್ಮನ್ ಮೊಗ್ಲಿಂಗ್ ‘ಮಂಗಳೂರ ಸಮಾಚಾರ’ ಪತ್ರಿಕೆಯನ್ನು ಆರಂಭಿಸಿದ್ದು ಎಂಬುದನ್ನು ಪತ್ರಿಕೆ ಓದುವವರು ನೆನೆಯಬೇಕು.) ಮಿಷನರಿಗಳು ತಮ್ಮ ದೇಶದ ಹಬ್ಬವನ್ನು ಗಂಟುಕಟ್ಟಿ ತಂದರೇನೋ ಸರಿ, ಆದರೆ ಹವಾಮಾನವನ್ನು ತರಲಾಗಲಿಲ್ಲ. ಸೆಪ್ಟೆಂಬರ್ ಕೊನೆಗೆ ಇಂಗ್ಲೆಂಡಿನಲ್ಲಿ ಗೋಧಿ ಕಣಜ ಸೇರಿರುತ್ತದೆ. ನ್ಯಾಮತಿ, ಹೊನ್ನಾಳಿ ಕಡೆಯ ಗದ್ದೆಗಳಲ್ಲಿ ಆ ಹೊತ್ತಿಗೆ ಮುಂಗಾರಿನ ಭತ್ತ ಇನ್ನೂ ಹಸಿರು. ಕೊಯ್ಲು ನವೆಂಬರ್, ಡಿಸೆಂಬರ್‌ಗೆ. ಕೊನೆಗೆ ಬದಲಾದದ್ದು ಹಬ್ಬವೇ. ಆಯಾ ಊರಿನ ಸುಗ್ಗಿ ನೋಡಿಕೊಂಡು ಬೆಳೆಹಬ್ಬದ ಭಾನುವಾರವನ್ನು ಗೊತ್ತು ಮಾಡುವುದು ರೂಢಿಗೆ ಬಂತು. ಪರದೇಶದ ಪಂಚಾಂಗ ನಮ್ಮ ಮಳೆಗೆ ತಲೆಬಾಗಿದ್ದು ನನಗೆ ಈ ಹಬ್ಬದಲ್ಲಿ ಅತ್ಯಂತ ಹಿಡಿಸಿದ ಸಂಗತಿ.

ಕರಾವಳಿಯಿಂದ ಬಂದ ತೆನೆ

ಕ್ಯಾಥೊಲಿಕರಲ್ಲಿ ಇದಕ್ಕೆ ಸಂವಾದಿಯಾದದ್ದು ಸೆಪ್ಟೆಂಬರ್ 8ರ ತೆನೆ ಹಬ್ಬ. ಅದು ಮರಿಯ ಮಾತೆಯ ಜನ್ಮದಿನ. ಕೊಂಕಣಿ ಮಾತಾಡುವವರ ಬಾಯಲ್ಲಿ ಮೋಂತಿ ಹಬ್ಬ. ಮಂಗಳೂರಿಗೆ ಸಮೀಪದ ಫರಂಗಿಪೇಟೆಯ ಮೋಂತೆ ಮರಿಯಾನೊ ಚರ್ಚಿನಿಂದ ಈ ಹೆಸರು ಬಂತೆನ್ನುತ್ತಾರೆ. ಹಬ್ಬಕ್ಕೆ ಮೊದಲಿನ ಒಂಬತ್ತು ದಿನ ಮಕ್ಕಳು ಬುಟ್ಟಿಯಲ್ಲಿ ಹೂವು ತಂದು ಮಾತೆಯ ಪ್ರತಿಮೆಗೆ ಅರ್ಪಿಸುತ್ತಾರೆ. ಹಬ್ಬದ ದಿನ ಆಶೀರ್ವದಿಸಿದ ಭತ್ತದ ತೆನೆಯನ್ನು ಮನೆಗೊಂದರಂತೆ ಹಂಚುತ್ತಾರೆ. ಮನೆಯಲ್ಲಿ ಆ ಹೊಸ ಕಾಳುಗಳನ್ನು ಸುಲಿದು ಪುಡಿಮಾಡಿ ತೆಂಗಿನ ಹಾಲಿಗೋ ಪಾಯಸಕ್ಕೋ ಬೆರೆಸಿ, ಹಿರಿಯರು ಎಲ್ಲರಿಗೂ ಕೊಡುತ್ತಾರೆ. ಅಂದು ಮೀನು, ಮಾಂಸ ಇಲ್ಲ; ಬಾಳೆ ಎಲೆಯ ಮೇಲೆ ತರಕಾರಿಯ ಊಟ. ಮಲೆನಾಡಿನ ಹೊಸಕ್ಕಿ ಊಟವನ್ನು ಉಂಡವರು ಇದನ್ನು ಕಂಡರೆ ಹೆಸರಷ್ಟೇ ಬೇರೆ ಎಂದಾರು.

ಕರಾವಳಿಯಲ್ಲಿ ಮಳೆ ಜೂನ್ ಆರಂಭಕ್ಕೇ ಬರುತ್ತದೆ, ನಾಟಿ ಬೇಗ, ಆದ್ದರಿಂದ ಸೆಪ್ಟೆಂಬರ್‌ಗೆ ತೆನೆ ಹೊರಬಿದ್ದಿರುತ್ತದೆ. ಅಲ್ಲಿಂದ ತೋಟದ ಕೆಲಸಕ್ಕೋ ವ್ಯಾಪಾರಕ್ಕೋ ನೌಕರಿಗೋ ಘಟ್ಟ ಹತ್ತಿ ಶಿವಮೊಗ್ಗ ಸೀಮೆಗೆ ಬಂದ ಕುಟುಂಬಗಳು ಹಬ್ಬವನ್ನೂ ಜೊತೆಗೆ ತಂದವು. ಇಲ್ಲಿ ಆ ದಿನಕ್ಕೆ ತೆನೆ ಸಿಗುವುದು ಕಷ್ಟ. ನಮ್ಮವರು ಗದ್ದೆಗೆ ಬಯಕೆ ಬಡಿಸುವ ಭೂಮಿ ಹುಣ್ಣಿಮೆಯೇ ಬರುವುದು ಇನ್ನೂ ಒಂದು ತಿಂಗಳ ಮೇಲೆ, ಅಕ್ಟೋಬರ್ ಸುಮಾರಿಗೆ. ಬೆಳೆಹಬ್ಬದ ದಿನ ಸರಿದಾಡಬಲ್ಲುದು, ಜನ್ಮದಿನ ಸರಿಯಲಾರದು. ಹೀಗಾಗಿ ಬಯಲುಸೀಮೆಯಲ್ಲಿ ತೆನೆ ಹಬ್ಬವೆಂದರೆ ಕರಾವಳಿಯ ಮಳೆಗಾಲದ ನೆನಪು ಎನ್ನಬಹುದು.

ನ್ಯಾಮತಿಯಂಥ ಊರುಗಳಲ್ಲಿ ಕ್ರೈಸ್ತರ ಸಂಖ್ಯೆ ಅತ್ಯಲ್ಪ. ದೊಡ್ಡ ಹಬ್ಬ ಕಾಣಬೇಕೆಂದರೆ ಒಂದೋ ಶಿವಮೊಗ್ಗದ ಬಸ್ಸು, ಇಲ್ಲವೇ ಹೊನ್ನಾಳಿ ದಾಟಿ ಹರಿಹರದ ಬಸ್ಸು ಹತ್ತಬೇಕು. 1997ರಲ್ಲಿ ದಾವಣಗೆರೆ ಜಿಲ್ಲೆಯಾದಾಗ ನಾವು ಕಂದಾಯದ ಲೆಕ್ಕದಲ್ಲಿ ಶಿವಮೊಗ್ಗವನ್ನು ಬಿಟ್ಟೆವು. ಆದರೆ 1988ರಲ್ಲಿ ಸ್ಥಾಪನೆಯಾದ ಶಿವಮೊಗ್ಗ ಕ್ಯಾಥೊಲಿಕ್ ಧರ್ಮಪ್ರಾಂತದಲ್ಲಿ ದಾವಣಗೆರೆ, ಚಿತ್ರದುರ್ಗಗಳೂ ಈಗಲೂ ಒಟ್ಟಿಗೇ ಇವೆ. ಹರಿಹರದಲ್ಲಿ ಹೊಯ್ಸಳರ ಕಾಲದ, 1224ರ ಹರಿಹರೇಶ್ವರ ದೇವಾಲಯವಿದೆ. ಅದೇ ಊರಿನ ಆರೋಗ್ಯ ಮಾತೆಯ ದೇವಾಲಯಕ್ಕೆ ಪೋಪ್ ಫ್ರಾನ್ಸಿಸರ ಕಾಲದಲ್ಲಿ ಕಿರು ಬಸಿಲಿಕಾದ ಗೌರವ ಸಂದಿತು. ಸೆಪ್ಟೆಂಬರ್ 8ರ ಜಾತ್ರೆಗೆ ಅಲ್ಲಿ ಸೇರುವವರಲ್ಲಿ ಯಾವ ಮತದವರಿಲ್ಲ? ಮೇಣದ ಬತ್ತಿ ಹಿಡಿದು ನಿಂತವರ ಹಣೆಯಲ್ಲಿ ವಿಭೂತಿಯೂ ಇರುತ್ತದೆ, ಕುಂಕುಮವೂ ಇರುತ್ತದೆ. ಕಾಯಿಲೆಯ ಮಗುವನ್ನು ಹೆಗಲ ಮೇಲೆ ಹೊತ್ತವರಿಗೆ ‘ಆರೋಗ್ಯ’ ಎಂಬ ಒಂದು ಪದ ಸಾಕು. ಬೆಂಗಳೂರಿನ ಶಿವಾಜಿನಗರದ ಸಂತ ಮೇರಿ ಬಸಿಲಿಕಾದಲ್ಲಿ ಆಗಸ್ಟ್ 29ರಿಂದ ಸೆಪ್ಟೆಂಬರ್ 8ರವರೆಗೆ ನಡೆಯುವ ಉತ್ಸವ, ಕಾರ್ಕಳದ ಅತ್ತೂರಿನ ಜನವರಿ ಜಾತ್ರೆ, ಇವುಗಳಲ್ಲೂ ಇದೇ ನೋಟ.

ಈಸ್ಟರ್ ಏಕೆ ಓಡಾಡುತ್ತದೆ?

ಇನ್ನು ಪಂಚಾಂಗದ ವಿಷಯ. ವಿಜ್ಞಾನ ಮೇಷ್ಟ್ರಿಗೆ ಇಲ್ಲಿ ಎರಡು ಮಾತು ಹೆಚ್ಚು ಆಡುವ ಆಸೆ. ‘ಸಾರ್, ಕ್ರಿಸ್‌ಮಸ್ ಪ್ರತಿವರ್ಷ ಇಪ್ಪತ್ತೈದಕ್ಕೇ ಬರುತ್ತೆ, ಗುಡ್ ಫ್ರೈಡೇ ಮಾತ್ರ ಒಮ್ಮೆ ಮಾರ್ಚು, ಒಮ್ಮೆ ಏಪ್ರಿಲ್ಲು, ಯಾಕೆ?’ ಎಂದು ರಜದ ಪಟ್ಟಿ ನೋಡುವ ಹುಡುಗರು ಕೇಳುತ್ತಲೇ ಇರುತ್ತಾರೆ. ಸಂಕ್ರಾಂತಿ ಹೆಚ್ಚುಕಡಿಮೆ ಜನವರಿ 14, 15ಕ್ಕೇ ಬಂದು, ಯುಗಾದಿ ಮಾತ್ರ ಹಿಂದೆ ಮುಂದೆ ಸರಿದಾಡುವುದು ಯಾಕೋ ಅದಕ್ಕೇ. ಒಂದು ಸೂರ್ಯನ ಹಬ್ಬ, ಇನ್ನೊಂದರಲ್ಲಿ ಚಂದ್ರನಿಗೂ ಪಾಲು.

ಲೆಕ್ಕ ಇಷ್ಟೇ: ಮಾರ್ಚ್ 21ರಂದು ಅಥವಾ ಅದರ ನಂತರ ಬರುವ ಮೊದಲ ಹುಣ್ಣಿಮೆಯನ್ನು ಹಿಡಿಯಬೇಕು, ಆ ಹುಣ್ಣಿಮೆ ಕಳೆದ ಮೊದಲ ಭಾನುವಾರವೇ ಈಸ್ಟರ್. ಎಲ್ಲರೂ ಒಂದೇ ಭಾನುವಾರ ಆಚರಿಸಬೇಕೆಂದು ಕ್ರಿ.ಶ. 325ರ ನೈಸಿಯಾ ಸಮ್ಮೇಳನ ತೀರ್ಮಾನಿಸಿತು, ಸೂತ್ರ ಕ್ರಮೇಣ ಗಟ್ಟಿಯಾಯಿತು. ಹೀಗಾಗಿ ಈಸ್ಟರ್ ಮಾರ್ಚ್ 22ಕ್ಕಿಂತ ಮೊದಲು ಬರದು, ಏಪ್ರಿಲ್ 25ನ್ನು ದಾಟದು. 2024ರಲ್ಲಿ ಮಾರ್ಚ್ 25ರಂದು ಹೋಳಿ ಹುಣ್ಣಿಮೆ. ಮುಂದಿನ ಭಾನುವಾರ, ಮಾರ್ಚ್ 31ಕ್ಕೆ ಈಸ್ಟರ್. 2025ರಲ್ಲಿ ಹೋಳಿ ಹುಣ್ಣಿಮೆ ಮಾರ್ಚ್ 21ಕ್ಕೆ ಮೊದಲೇ ಕಳೆದುಹೋದ್ದರಿಂದ ದವನದ ಹುಣ್ಣಿಮೆಗೆ ಕಾಯಬೇಕಾಯಿತು. ಈಸ್ಟರ್ ಏಪ್ರಿಲ್ 20ಕ್ಕೆ ಹೋಯಿತು. ನಮ್ಮ ಅಧಿಕ ಮಾಸದ ಹಿಂದಿರುವ ಲೆಕ್ಕವೇ ಇಲ್ಲಿಯೂ ಇದೆ. 19 ಸೌರ ವರ್ಷ ಮತ್ತು 235 ಚಾಂದ್ರ ಮಾಸ ಎರಡೂ ಸುಮಾರು 6,939 ದಿನ 15 ಗಂಟೆಗಳ ಆಸುಪಾಸು. ವ್ಯತ್ಯಾಸ ಎರಡು ಗಂಟೆ ಮಾತ್ರ. ಹತ್ತೊಂಬತ್ತನೆಯ ಹುಟ್ಟುಹಬ್ಬದಂದು ತಾರೀಖು, ತಿಥಿ ಎರಡೂ ಬಹುಮಟ್ಟಿಗೆ ಕೂಡಿ ಬರುವುದನ್ನು ಯಾರು ಬೇಕಾದರೂ ಪಂಚಾಂಗ ತೆಗೆದು ನೋಡಬಹುದು. ಚರ್ಚಿನ ಪುರಾತನ ಕೋಷ್ಟಕಗಳೂ ಈ ಹತ್ತೊಂಬತ್ತರ ಚಕ್ರವನ್ನೇ ನೆಚ್ಚಿದ್ದವು.

ಈಸ್ಟರ್‌ಗೆ ಮೊದಲಿನ ತಪಸ್ಸು ಕಾಲ ಬೂದಿ ಬುಧವಾರದಿಂದ ಶುರು. ನಲವತ್ತು ದಿನಗಳ ಉಪವಾಸ, ನೇಮ. ನಮ್ಮಲ್ಲಿ ಅದು ಬಿರುಬೇಸಿಗೆ. ಕೆರೆ ಬತ್ತುವ, ಕೂಲಿ ಕಡಿಮೆಯಾಗುವ ಕಾಲ. ಆ ದಿನಗಳಲ್ಲಿ ಊಟದಲ್ಲಿ ಉಳಿಸಿದ್ದನ್ನು ಬಡವರಿಗಾಗಿ ಎತ್ತಿಡುವ ಪದ್ಧತಿಯಿದೆ. ಕ್ಯಾಥೊಲಿಕ್ ಸಭೆಯ ಕಾರಿತಾಸ್ ಇಂಡಿಯಾ ಸಂಸ್ಥೆ ದೇಶದಾದ್ಯಂತ ತಪಸ್ಸು ಕಾಲದಲ್ಲಿಯೇ ಹಸಿವಿನ ವಿರುದ್ಧದ ನಿಧಿ ಸಂಗ್ರಹಿಸುತ್ತದೆ. ಮಿಜೋರಾಂನ ಹೆಂಗಸರದು ಇನ್ನೂ ಸರಳ ಉಪಾಯ: ಪ್ರತಿ ಅಡುಗೆಗೂ ಮೊದಲು ಒಂದು ಹಿಡಿ ಅಕ್ಕಿ ತೆಗೆದಿಡುವುದು. ಕಳೆದ ಶತಮಾನದ ಆರಂಭದಿಂದ ಅಲ್ಲಿನ ಪ್ರೆಸ್ಬಿಟೇರಿಯನ್ ಸಭೆಯ ಎಷ್ಟೋ ಕೆಲಸ ಈ ಹಿಡಿ ಅಕ್ಕಿಯಿಂದ ನಡೆದಿದೆ. ನಮ್ಮ ಮುಷ್ಟಿ ಭಿಕ್ಷೆಯ ಒಡಹುಟ್ಟು.

ಸೇವೆಯೂ ಸಂಶಯವೂ

ಹೀಗೆ ಕೂಡಿದ ಹಣ, ಧಾನ್ಯ ಚರ್ಚಿನ ಗೋಡೆ ದಾಟಿ ಹೊರಗೆ ಹೋದಾಗ ಏನಾಗುತ್ತದೆ? ಹಳೆಯ ಉದಾಹರಣೆಗಳು ಬೇಕಾದಷ್ಟಿವೆ. ಮಂಗಳೂರಿನ ಕಂಕನಾಡಿಯಲ್ಲಿ ಫಾದರ್ ಅಗಸ್ಟಸ್ ಮುಲ್ಲರ್ 1880ರಲ್ಲಿ ಹೋಮಿಯೋಪತಿ ಔಷಧ ಹಂಚತೊಡಗಿದ್ದು ಇಂದಿನ ದೊಡ್ಡ ಆಸ್ಪತ್ರೆಯ ಮೂಲ. 1890ರಲ್ಲಿ ಅಲ್ಲಿ ಕುಷ್ಠರೋಗಿಗಳಿಗೆ ಆಶ್ರಯವೂ ಆಯಿತು. ಮೈಸೂರಿನ ಹೋಲ್ಡ್ಸ್‌ವರ್ತ್ ಆಸ್ಪತ್ರೆ 1906ರದು. ಹಳೆ ಜನ ಅದನ್ನು ಮಿಷನ್ ಆಸ್ಪತ್ರೆ ಎಂದೇ ಕರೆಯುತ್ತಾರೆ. ಗದಗ ಬೆಟಗೇರಿಯ ಜರ್ಮನ್ ದವಾಖಾನೆಯ ಹೆಸರು ಕೇಳದ ಉತ್ತರ ಕರ್ನಾಟಕದವರು ಕಡಿಮೆ. ಕುಷ್ಠ ಎಂದರೆ ಮನೆಯವರೇ ಬಾಗಿಲು ಹಾಕುತ್ತಿದ್ದ ಕಾಲದಲ್ಲಿ ಮುಟ್ಟಿ ಶುಶ್ರೂಷೆ ಮಾಡಿದವರ ಋಣವನ್ನು ಯಾರೂ ಅಲ್ಲಗಳೆಯಲಾರರು. ಇಂದು ಶಿವಮೊಗ್ಗ ಧರ್ಮಪ್ರಾಂತದ ಸಮಾಜ ಸೇವಾ ಸಂಸ್ಥೆ ಮಹಿಳಾ ಸ್ವಸಹಾಯ ಸಂಘಗಳ ಮೂಲಕ ಹಳ್ಳಿಗಳಲ್ಲಿ ಕೆಲಸ ಮಾಡುತ್ತಿದೆ.

ಆದರೂ ಒಂದು ಅನುಮಾನ ಬೆನ್ನು ಬಿಟ್ಟಿಲ್ಲ: ಕೊಟ್ಟ ಅಕ್ಕಿಗೆ ಪ್ರತಿಯಾಗಿ ಮತ ಕೇಳುತ್ತಾರೆಯೇ? 2008ರ ಸೆಪ್ಟೆಂಬರ್‌ನಲ್ಲಿ ಮಂಗಳೂರು ಮೊದಲಾದೆಡೆ ಚರ್ಚುಗಳ ಮೇಲೆ ದಾಳಿಗಳಾದವು, ನ್ಯಾಯಮೂರ್ತಿ ಬಿ.ಕೆ. ಸೋಮಶೇಖರ ಆಯೋಗ ವಿಚಾರಣೆ ನಡೆಸಿತು. 2022ರಲ್ಲಿ ರಾಜ್ಯದಲ್ಲಿ ಮತಾಂತರ ಕುರಿತ ಕಾಯ್ದೆ ಬಂತು. 2023ರ ಜೂನ್‌ನಲ್ಲಿ ಅದನ್ನು ರದ್ದುಪಡಿಸಲು ಆಗಿನ ಸಚಿವ ಸಂಪುಟ ನಿರ್ಧರಿಸಿತು. ಸಂವಿಧಾನದ 25ನೆಯ ವಿಧಿ ತನ್ನ ಧರ್ಮವನ್ನು ಪ್ರಸಾರ ಮಾಡುವ ಹಕ್ಕನ್ನು ಎಲ್ಲರಿಗೂ ಕೊಟ್ಟಿದೆ. ಅದು ಇನ್ನೊಬ್ಬನನ್ನು ಮತಾಂತರಿಸುವ ಹಕ್ಕಲ್ಲವೆಂದು 1977ರಲ್ಲಿ ಸುಪ್ರೀಂ ಕೋರ್ಟು ಹೇಳಿದೆ. ಕಾನೂನು ಅಷ್ಟು. ನನ್ನ ಮಟ್ಟಿಗೆ, ಕಣ್ಣಿನ ಶಿಬಿರಕ್ಕೆ ಬಂದ ಮುದುಕನ ಪೊರೆ ತೆಗೆಸಿ ಸುಮ್ಮನೆ ಮನೆಗೆ ಕಳಿಸುವುದು ಸೇವೆ. ಕರಪತ್ರ ಓದಿದರೆ ಮಾತ್ರ ಕನ್ನಡಕ ಎಂದರೆ ಅದು ವ್ಯಾಪಾರ. ಹಾಗೆಯೇ, ಪೊರೆ ತೆಗೆಸಿದವರನ್ನೆಲ್ಲ ವ್ಯಾಪಾರಿಗಳೆಂದು ಕರೆಯುವವರೂ ಮೊದಲು ಆ ಮುದುಕನನ್ನು ಕೇಳಬೇಕು. ಇಂಥ ಸಂಶಯ ಕರಗುವುದು ಭಾಷಣದಿಂದಲ್ಲ, ಬೆಳೆಹಬ್ಬದಂಥ ದಿನಗಳಲ್ಲಿ. ಪಕ್ಕದ ಓಣಿಯವನು ಅಂಗಳಕ್ಕೆ ಬಂದು ಬಾಳೆಗೊನೆಯ ಸವಾಲಿಗೆ ತಾನೂ ಒಂದು ಕೂಗು ಹಾಕಿದರೆ ಹಣ ಎಲ್ಲಿಂದ ಬಂತು, ಎಲ್ಲಿಗೆ ಹೋಯಿತು ಎಂಬುದು ಅವನಿಗೇ ತಿಳಿಯುತ್ತದೆ. ಊರಲ್ಲಿ ನಾಲ್ಕೇ ಮನೆಯ ಸಭೆಯಾದರೆ ಇದು ಇನ್ನಷ್ಟು ಅಗತ್ಯ. ಮಕ್ಕಳು ಬೆಂಗಳೂರು, ಕೊಲ್ಲಿ ದೇಶ ಸೇರಿದ ಮೇಲೆ ಸವಾಲು ಕೂಗಲು ನೆರೆಹೊರೆಯವರನ್ನು ಬಿಟ್ಟರೆ ಯಾರಿದ್ದಾರೆ?

ಕ್ರಿಸ್‌ಮಸ್ಸಿನ ಬಗ್ಗೆ ಎಲ್ಲರಿಗೂ ಗೊತ್ತು. ನಕ್ಷತ್ರದ ದೀಪ, ಮನೆ ಮನೆಗೆ ಬರುವ ಹಾಡಿನ ತಂಡ, ಕುಸ್ವಾರಿನ ತಟ್ಟೆ. ಆ ತಟ್ಟೆಯಲ್ಲಿರುವ ನೆವ್ರಿ ನಮ್ಮ ಕರ್ಜಿಕಾಯಿಯೇ. ಡಿಸೆಂಬರಿನಲ್ಲಿ ಕಣದ ಕೆಲಸ, ಅಡಿಕೆ ಸುಲಿತದ ಗಡಿಬಿಡಿ ಇದ್ದರೂ ಮಕ್ಕಳು ಮಾತ್ರ ಗೋದಲಿ ನೋಡಲು ಹೋಗಿಯೇ ಹೋಗುತ್ತಾರೆ. ಗೋದಲಿಯ ಬಯಲಿಗೆ ಹಸಿರು ಬೇಕಲ್ಲ, ಅದಕ್ಕೆ ರಾಗಿ ಬಿತ್ತುವುದು ನಮ್ಮ ನಾಡಿನ ಜಾಣ್ಮೆ. ನವರಾತ್ರಿಯ ಘಟಸ್ಥಾಪನೆಯಲ್ಲಿ ಸಸಿ ಎಬ್ಬಿಸಿದವರಿಗೆ ಕ್ರಮ ಗೊತ್ತು. ಡಿಸೆಂಬರ್ 12, 13ರ ಹೊತ್ತಿಗೆ ರಾಗಿಯನ್ನು ಒಂದು ರಾತ್ರಿ ನೆನೆಸಿ, ಒದ್ದೆ ಬಟ್ಟೆಯಲ್ಲಿ ಕಟ್ಟಿ ಮೊಳಕೆ ಬರಿಸಿ, ಗೊಬ್ಬರ ಬೆರೆಸಿದ ತೆಳು ಮಣ್ಣಿನ ಮೇಲೆ ಒತ್ತಾಗಿ ಉದುರಿಸಬೇಕು. ಕತ್ತಲ ಮೂಲೆಯಲ್ಲಿಟ್ಟರೆ ಸಸಿ ಹಳದಿಯಾಗಿ, ಉದ್ದುದ್ದ ಬೆಳೆದು ಬಿದ್ದುಹೋಗುತ್ತದೆ. ಕಿಟಕಿಯ ಪಕ್ಕ ಇಟ್ಟರೆ ಬೆಳಕಿನ ಕಡೆಗೆ ವಾಲುತ್ತದೆ, ಆದ್ದರಿಂದ ದಿನಕ್ಕೊಮ್ಮೆ ತಟ್ಟೆಯನ್ನು ತಿರುಗಿಸಿಡಬೇಕು. ಇಪ್ಪತ್ತನಾಲ್ಕರ ಸಂಜೆಗೆ ಎರಡಂಗುಲದ ಹಸಿರು ಸಿದ್ಧವಾಗಿರುತ್ತದೆ.