ಮುಂದಿನ ಎರಡು ಚಕ್ರಗಳ ಲೆಕ್ಕ

ಜರ್ಮನಿಯ ನ್ಯೂರ್ಬರ್ಗ್‌ರಿಂಗ್ ಎಂದರೆ ಕಾಡಿನ ನಡುವೆ ಏರಿಳಿಯುತ್ತ, ತಿರುಚುತ್ತ ಸಾಗುವ 20.832 ಕಿಲೋಮೀಟರ್ ಉದ್ದದ ರೇಸ್ ಹಾದಿ. ಫೋಕ್ಸ್‌ವ್ಯಾಗನ್ ಕಂಪನಿಯ ಗಾಲ್ಫ್ ಕಾರಿನ ಎರಡು ಮಾದರಿಗಳು ಅಲ್ಲಿ ಒಂದು ಸುತ್ತು ಹಾಕಲು ತೆಗೆದುಕೊಂಡ ಸಮಯ ನೋಡಿ. ನಾಲ್ಕೂ ಚಕ್ರಗಳಿಗೆ ಶಕ್ತಿ ಹೋಗುವ, 333 ಅಶ್ವಶಕ್ತಿಯ ಗಾಲ್ಫ್ ಆರ್ 2022ರಲ್ಲಿ 7 ನಿಮಿಷ 47.31 ಸೆಕೆಂಡಿನಲ್ಲಿ ಮುಗಿಸಿತು. ಮುಂದಿನ ಎರಡೇ ಚಕ್ರಗಳು ಎಳೆಯುವ, 325 ಅಶ್ವಶಕ್ತಿಯ ಗಾಲ್ಫ್ ಜಿಟಿಐ ವಿಶೇಷ ಆವೃತ್ತಿ 2025ರಲ್ಲಿ 7 ನಿಮಿಷ 46.13 ಸೆಕೆಂಡಿನಲ್ಲಿ ಮುಗಿಸಿತು. ಶಕ್ತಿ ಕಡಿಮೆ, ಎಳೆಯುವ ಚಕ್ರಗಳು ಅರ್ಧ, ಆದರೂ ಒಂದು ಸೆಕೆಂಡು ಮುಂದೆ. ಮುಂಚಕ್ರದ್ದೇ ಆದ ಹೋಂಡಾ ಸಿವಿಕ್ ಟೈಪ್ ಆರ್ 2023ರಲ್ಲಿ ಇನ್ನೂ ಬೇಗ ಬಂದಿತ್ತು: 7 ನಿಮಿಷ 44.881 ಸೆಕೆಂಡು.

ಇದು ಸುಲಭಕ್ಕೆ ಆಗಬಾರದ ಮಾತು. ಏಕೆ ಆಗಬಾರದು ಎಂಬುದನ್ನು ಹೈಸ್ಕೂಲಿನ ಭೌತಶಾಸ್ತ್ರವೇ ಹೇಳುತ್ತದೆ.

ಒಣ ರಸ್ತೆಯಲ್ಲಿ ಒಳ್ಳೆಯ ಟಯರು ತನ್ನ ಮೇಲೆ ಬಿದ್ದ ಭಾರದಷ್ಟೇ ಬಲದಿಂದ ರಸ್ತೆಯನ್ನು ಹಿಡಿಯಬಲ್ಲದು ಎಂದಿಟ್ಟುಕೊಳ್ಳೋಣ. 2017ರ ಟೈಪ್ ಆರ್ ನಿಂತಾಗ ಅದರ ತೂಕದ ನೂರರಲ್ಲಿ ಸುಮಾರು 62 ಪಾಲು ಮುಂಚಕ್ರಗಳ ಮೇಲಿರುತ್ತದೆ, 38 ಪಾಲು ಹಿಂದೆ. ಆದರೆ ಕಾರು ಮುನ್ನುಗ್ಗುತ್ತಲೇ ಭಾರ ಹಿಂದಕ್ಕೆ ವಾಲುತ್ತದೆ. ಮುಂದಿನ ಮತ್ತು ಹಿಂದಿನ ಚಕ್ರಗಳ ನಡುವೆ 2.7 ಮೀಟರ್ ಅಂತರ, ಗುರುತ್ವ ಕೇಂದ್ರ ನೆಲದಿಂದ ಅರ್ಧ ಮೀಟರ್ ಮೇಲೆ ಎಂದು ಹಿಡಿದರೆ, ಜೋರಾಗಿ ಹೊರಡುವಾಗ ಮುಂದೆ ಉಳಿಯುವುದು 52 ಪಾಲಷ್ಟೇ. ಎಳೆಯುವ ಚಕ್ರಗಳಿಗೆ ಹಿಡಿತ ಬೇಕಾದ ಆ ಕ್ಷಣದಲ್ಲೇ ಹಿಡಿತ ಕೈತಪ್ಪುತ್ತದೆ. ಲೆಕ್ಕ ಹಾಕಿದರೆ ಇಂಥ ಕಾರು ಸೊನ್ನೆಯಿಂದ ಗಂಟೆಗೆ 100 ಕಿಲೋಮೀಟರ್ ವೇಗಕ್ಕೆ ಬರಲು ಕನಿಷ್ಠ 5.4 ಸೆಕೆಂಡು ಬೇಕು, ಎಂಜಿನ್ ಎಷ್ಟೇ ದೊಡ್ಡದಿರಲಿ. 320 ಅಶ್ವಶಕ್ತಿಯ ಆ ಟೈಪ್ ಆರ್‌ಗೆ ಹೋಂಡಾ ಹೇಳಿದ ಅಂಕಿ ಸುಮಾರು 5.7. ಅಂದರೆ ಎಂಜಿನಿಯರುಗಳು ಪ್ರಕೃತಿ ಎಳೆದ ಗೆರೆಯ ಹತ್ತಿರಕ್ಕೇ ಬಂದು ನಿಂತಿದ್ದಾರೆ. ನಾಲ್ಕೂ ಚಕ್ರಗಳು ತಳ್ಳುವ 350 ಅಶ್ವಶಕ್ತಿಯ ಫೋರ್ಡ್ ಫೋಕಸ್ ಆರ್‌ಎಸ್‌ಗೆ 4.7 ಸೆಕೆಂಡು ಸಾಕು, 421 ಅಶ್ವಶಕ್ತಿಯ ಮರ್ಸಿಡಿಸ್ ಎಎಂಜಿ ಎ45 ಎಸ್‌ಗೆ 3.9. ನೇರ ರಸ್ತೆಯ ಪಂದ್ಯದಲ್ಲಿ ಮುಂಚಕ್ರದ ಕಾರು ಸೋಲುತ್ತದೆ. ಅದರಲ್ಲಿ ವಾದಕ್ಕೆ ಜಾಗವಿಲ್ಲ.

ತಿರುವಿನಲ್ಲಂತೂ ಮುಂದಿನ ಟಯರುಗಳ ಪಾಡು ಇನ್ನೂ ಕಷ್ಟ. ಕಾರನ್ನು ತಿರುಗಿಸುವ ಕೆಲಸವೂ ಅವುಗಳದ್ದೇ, ಎಳೆಯುವ ಕೆಲಸವೂ ಅವುಗಳದ್ದೇ. ಒಂದೇ ಸಂಬಳದಲ್ಲಿ ಬಾಡಿಗೆ, ದಿನಸಿ ಎರಡೂ ನಡೆಯಬೇಕು: ಒಂದಕ್ಕೆ ಹೆಚ್ಚು ಕೊಟ್ಟರೆ ಇನ್ನೊಂದಕ್ಕೆ ಕೊರತೆ. ತಿರುವಿನ ನಡುವೆ ಆಕ್ಸಿಲರೇಟರ್ ಒತ್ತಿದರೆ ಕಾರಿನ ಮೂತಿ ರಸ್ತೆಯ ಹೊರಗೆ ಸರಿಯುವುದು ಇದರಿಂದಲೇ. ನಮ್ಮ ರಸ್ತೆಗಳ ಹೆಚ್ಚಿನ ಸಣ್ಣ ಕಾರುಗಳೂ ಮುಂಚಕ್ರದವೇ. ಮಳೆಗಾಲದಲ್ಲಿ ಆಗುಂಬೆ ಘಾಟಿಯ ಹೇರ್‌ಪಿನ್ ತಿರುವು ಹತ್ತುವಾಗ ಒಳಬದಿಯ ಮುಂಚಕ್ರ ಗಿರ್ರನೆ ಸುತ್ತುತ್ತ ಕಾರು ಮುಂದೆ ಹೋಗದೆ ತಡವರಿಸಿದ್ದನ್ನು ಅನೇಕರು ಕಂಡಿರಬಹುದು.

ಆ ಒಳಚಕ್ರದಲ್ಲೇ ಕಥೆಯ ತಿರುಳಿದೆ. ತಿರುವಿನಲ್ಲಿ ಕಾರು ಹೊರಕ್ಕೆ ವಾಲಿ ಒಳಚಕ್ರದ ಭಾರ ಇಳಿಯುತ್ತದೆ. ಎಂಜಿನ್ನಿನ ಬಲವನ್ನು ಎಡಬಲ ಚಕ್ರಗಳಿಗೆ ಹಂಚುವ ಸಾಮಾನ್ಯ ಡಿಫರೆನ್ಷಿಯಲ್ ಎರಡಕ್ಕೂ ಸಮನಾದ ತಿರುಚುಬಲ ಕೊಡುತ್ತದೆ; ಹಾಗಾಗಿ ಒಳಚಕ್ರ ತಡೆದುಕೊಳ್ಳುವಷ್ಟೇ ಬಲ ಹೊರಚಕ್ರಕ್ಕೂ ಸಿಗುವುದು. ಭಾರವೆಲ್ಲ ಹೊತ್ತು, ಹಿಡಿತ ತುಂಬಿಕೊಂಡಿರುವ ಹೊರಚಕ್ರ ಸುಮ್ಮನೆ ಕೂತಿರುತ್ತದೆ. ಟೈಪ್ ಆರ್‌ನಲ್ಲಿರುವ ಲಿಮಿಟೆಡ್ ಸ್ಲಿಪ್ ಡಿಫರೆನ್ಷಿಯಲ್ ಇದನ್ನು ಬರಿಯ ಗೇರುಗಳಿಂದಲೇ ಸರಿಪಡಿಸುತ್ತದೆ. ಓರೆ ಹಲ್ಲಿನ ಗೇರುಗಳು ಬಲ ಬಿದ್ದೊಡನೆ ಪಕ್ಕಕ್ಕೆ ಸರಿದು ಗೋಡೆಗೆ ಒತ್ತಿಕೊಳ್ಳುತ್ತವೆ, ಆ ಉಜ್ಜಾಟ ಒಳಚಕ್ರವನ್ನು ಓಡಗೊಡದೆ ಬಲವನ್ನು ಹೊರಚಕ್ರಕ್ಕೆ ದಾಟಿಸುತ್ತದೆ. ಹೊರಚಕ್ರ ಜೋರಾಗಿ ಎಳೆದಾಗ ಕಾರಿನ ಮೂತಿ ತಿರುವಿನ ಒಳಕ್ಕೆ ಬರುತ್ತದೆ. ಹಿಡಿತ ಇರುವ ತನಕ ಆಕ್ಸಿಲರೇಟರ್ ಒತ್ತಿದಷ್ಟೂ ಕಾರು ಒಳಕ್ಕೆ ತಿರುಗುತ್ತದೆ! ಮುಂಚಕ್ರದ ಕಾರಿನ ಇಡೀ ಸ್ವಭಾವವನ್ನೇ ತಲೆಕೆಳಗು ಮಾಡುವ ಈ ಪುಟ್ಟ ಪೆಟ್ಟಿಗೆಗೆ ನನ್ನ ಮನಸ್ಸಿನಲ್ಲಿ, ಎಂಜಿನ್ನಿಗೆ ಹೆಚ್ಚು ಗಾಳಿ ತುಂಬಿ ಶಕ್ತಿ ಏರಿಸುವ ಟರ್ಬೋಗಿಂತ ಮೇಲಿನ ಸ್ಥಾನ.

ಟರ್ಬೋ ತಂದ ತೊಂದರೆ ಬೇರೆಯದು. ಎರಡು ಲೀಟರ್ ಎಂಜಿನ್ನಿಂದ 400 ನ್ಯೂಟನ್ ಮೀಟರ್ ಬಲ ಒಮ್ಮೆಲೇ ನುಗ್ಗಿದರೆ ಸ್ಟೀರಿಂಗ್ ಚಾಲಕನ ಕೈಯಲ್ಲೇ ಎಳೆದಾಡುತ್ತದೆ. ಸ್ಟೀರಿಂಗ್ ತಿರುಗಿಸಿದಾಗ ಚಕ್ರ ಹೊರಳುವ ಅಕ್ಷ ಚಕ್ರದ ನಡುವಿನಿಂದ ದೂರವಿದ್ದಷ್ಟೂ ಈ ಎಳೆತ ಹೆಚ್ಚು. ರೆನೋ ಮೊದಲು ತನ್ನ ಮೆಗಾನ್‌ನಲ್ಲಿ, ಆಮೇಲೆ ಫೋರ್ಡ್ 2009ರ ಮುಂಚಕ್ರದ ಫೋಕಸ್ ಆರ್‌ಎಸ್‌ನಲ್ಲಿ, ಹೋಂಡಾ ಟೈಪ್ ಆರ್‌ನಲ್ಲಿ ಸ್ಟೀರಿಂಗ್ ತಿರುಗುವ ಭಾಗವನ್ನು ಸಸ್ಪೆನ್ಷನ್ ಕಂಬದಿಂದ ಬೇರ್ಪಡಿಸಿ ಆ ಅಕ್ಷವನ್ನು ಚಕ್ರದ ನಡುವಿಗೆ ಹತ್ತಿರ ತಂದವು.

ಹಿಂಬದಿಯದೂ ಒಂದು ಜಾಣ್ಮೆ ಇದೆ. ಹಿಂದಿನ ಸಸ್ಪೆನ್ಷನ್ ಗಡುಸು ಮಾಡಿದರೆ ವಾಲುವ ಭಾರದ ಹೆಚ್ಚಿನ ಪಾಲನ್ನು ಹಿಂದಿನ ಹೊರಚಕ್ರ ಹೊತ್ತುಕೊಳ್ಳುತ್ತದೆ, ಮುಂದಿನ ಒಳಚಕ್ರ ನೆಲದಲ್ಲಿ ಭದ್ರವಾಗಿ ಉಳಿಯುತ್ತದೆ. ಹಳೆಯ ಗಾಲ್ಫ್ ಜಿಟಿಐ, ಪ್ಯೂಜೊ 205 ಜಿಟಿಐ ಕಾರುಗಳು ತಿರುವಿನಲ್ಲಿ ಹಿಂದಿನ ಒಂದು ಚಕ್ರ ಎತ್ತಿಕೊಂಡು ಓಡುವ ಚಿತ್ರಗಳು ಪ್ರಸಿದ್ಧ. ಎಳೆಯುವ ಕೆಲಸವಿಲ್ಲದ ಚಕ್ರ ಗಾಳಿಯಲ್ಲಿದ್ದರೆ ನಷ್ಟವೇನೂ ಇಲ್ಲ.

ಇದರ ಮೇಲೆ ತೂಕದ ಉಳಿತಾಯ. ಹಿಂದಕ್ಕೆ ಹೋಗುವ ಶಾಫ್ಟ್, ಅಲ್ಲೊಂದು ಡಿಫರೆನ್ಷಿಯಲ್, ಕ್ಲಚ್‌ಗಳು, ಇವು ಯಾವುವೂ ಬೇಡ. 2017ರ ಟೈಪ್ ಆರ್ 1400 ಕಿಲೋ ಆಸುಪಾಸು, ಅದೇ ಕಾಲದ ನಾಲ್ಕು ಚಕ್ರದ ಫೋಕಸ್ ಆರ್‌ಎಸ್ 1500 ದಾಟುತ್ತದೆ. ಪ್ರತಿ ಬ್ರೇಕಿನಲ್ಲೂ ಪ್ರತಿ ತಿರುವಿನಲ್ಲೂ ಆ ನೂರು ಕಿಲೋ ಹೊರೆ ಲೆಕ್ಕಕ್ಕೆ ಬರುತ್ತದೆ. ರೆನೋ ಅಂತೂ 2019ರ ಮೆಗಾನ್ ಟ್ರೋಫಿ ಆರ್‌ನಲ್ಲಿ ಹಿಂದಿನ ಸೀಟನ್ನೇ ಕಿತ್ತುಹಾಕಿ, 130 ಕಿಲೋ ಇಳಿಸಿ, ಬರೀ 300 ಅಶ್ವಶಕ್ತಿಯಲ್ಲಿ 7 ನಿಮಿಷ 45.389 ಸೆಕೆಂಡು ಮುಟ್ಟಿತು. ಮಕ್ಕಳನ್ನು ಶಾಲೆಗೆ ಬಿಡಲಾಗದ ಕಾರನ್ನು ಹಾಟ್ ಹ್ಯಾಚ್, ಅಂದರೆ ದಿನಬಳಕೆಗೂ ಒದಗುವ ವೇಗದ ಸಣ್ಣ ಕಾರು, ಎನ್ನಲು ನನಗೆ ಮನಸ್ಸು ಬಾರದು. ನಾಲ್ಕು ಸೀಟಿನ ಮಾದರಿಯಲ್ಲೇ ಅದನ್ನು ಮೀರಿಸಿದ ಹೋಂಡಾದ ಸಾಧನೆ ದೊಡ್ಡದು.

ಈ ಅಂಕಿಗಳನ್ನು ಓದುವಾಗ ಎಚ್ಚರ ಬೇಕು. ದಾಖಲೆಗೆ ಹೊರಟ ಕಾರುಗಳಿಗೆ ರೇಸಿಗೆ ಹತ್ತಿರದ, ಮೆತ್ತನೆಯ ಟಯರು ಹಾಕಿರುತ್ತಾರೆ. ಟಯರು ಬದಲಾದರೆ ಹಲವು ಸೆಕೆಂಡು ಬದಲಾಗುತ್ತದೆ. ಹಾಗೆಯೇ ಶಕ್ತಿ ಬಹಳ ಹೆಚ್ಚಿದರೆ ಮುಂಚಕ್ರದ ಜಾಣ್ಮೆಗೂ ಮಿತಿ ಇದೆ: 400 ಅಶ್ವಶಕ್ತಿಯ, ನಾಲ್ಕು ಚಕ್ರದ ಆಡಿ ಆರ್‌ಎಸ್3 2021ರಲ್ಲಿ 7 ನಿಮಿಷ 40.748 ಸೆಕೆಂಡು ಓಡಿ ಇವೆಲ್ಲಕ್ಕಿಂತ ಮುಂದಿದೆ. ಮಳೆ ಸುರಿದರಂತೂ ಮಾತೇ ಬೇರೆ. ಹಿಡಿತವೇ ಕಡಿಮೆಯಾದಾಗ ಅದನ್ನು ನಾಲ್ಕು ಟಯರುಗಳಿಗೆ ಹಂಚುವ ಕಾರೇ ಮೇಲು.

ಟೈಪ್ ಆರ್ ಭಾರತಕ್ಕೆ ಬರಲಿಲ್ಲ. ಆದರೆ 265 ಅಶ್ವಶಕ್ತಿಯ ಗಾಲ್ಫ್ ಜಿಟಿಐ 2025ರಲ್ಲಿ ಕೆಲವೇ ಸಂಖ್ಯೆಯಲ್ಲಿ, 50 ಲಕ್ಷ ಮೀರಿದ ಬೆಲೆಗೆ, ಇಲ್ಲಿಗೂ ಬಂತು. ಮುಂಚಕ್ರಗಳ ನಡುವೆ ಎಲೆಕ್ಟ್ರಾನಿಕ್ ನಿಯಂತ್ರಣದ ಡಿಫರೆನ್ಷಿಯಲ್ ಲಾಕ್ ಸಹಿತ. ಎಂದಾದರೂ ಅದರ ಸ್ಟೀರಿಂಗ್ ಹಿಡಿಯುವ ಅವಕಾಶ ಸಿಕ್ಕರೆ ನೇರ ರಸ್ತೆಯಲ್ಲಿ ಓಡಿಸಿ ವಾಪಸ್ ಕೊಡಬೇಡಿ. ಖಾಲಿ ರಸ್ತೆಯ ಎರಡನೇ ಗೇರಿನ ತಿರುವೊಂದನ್ನು ಆರಿಸಿಕೊಳ್ಳಿ, ತಿರುವಿನ ಅರ್ಧದಿಂದಾಚೆ ಮೆಲ್ಲಗೆ ಆಕ್ಸಿಲರೇಟರ್ ಒತ್ತುತ್ತ ಹೋಗಿ, ಮೂತಿ ಹೊರಕ್ಕೆ ಸರಿಯುತ್ತದೋ ಒಳಕ್ಕೆ ಬರುತ್ತದೋ ಗಮನಿಸಿ.