ಮಿಕ್ಕಬಿಯ ಕಿತ್ತಳೆಯೂ ಗುಪ್ತಕ್ಷುಧೆಯೂ

ಜಪಾನಿನ ಹಮಾಮತ್ಸು ನಗರದ ಹೆಸರನ್ನು ಕೇಳಿದವರಿಗೆ ಸುಜುಕಿಯ ಮೋಟಾರು ಗಾಡಿಗಳೂ ಯಮಾಹಾದ ಪಿಯಾನೋಗಳೂ ನೆನಪಿಗೆ ಬರುವುದು ಸಹಜವೇ ಆದರೂ, ಆ ಎರಡು ಉದ್ಯಮಗಳಿಗೂ ತವರೂರೆನಿಸಿದ ನಗರದ ಎಲ್ಲೆಯೊಳಗೇ, ಹಮನಾ ಸರೋವರದ ವಾಯವ್ಯ ತೀರದಿಂದ ಮೇಲೇರುವ ಗುಡ್ಡಗಳ ಇಳಿಜಾರಿನಲ್ಲಿ, ಕಾರ್ತಿಕ ಮಾರ್ಗಶಿರಗಳ ವೇಳೆಗೆ ಬಣ್ಣ ತಿರುಗುವ ಕಿತ್ತಳೆಯ ತೋಟಗಳು ದೂರದವರೆಗೆ ಹಬ್ಬಿಕೊಂಡಿವೆಯೆಂಬುದನ್ನು ಬಲ್ಲವರು ನಮ್ಮಲ್ಲಿ ವಿರಳ. 2005ರಲ್ಲಿ ಹಮಾಮತ್ಸುವಿನೊಡನೆ ವಿಲೀನವಾದ ಮಿಕ್ಕಬಿ ಎಂಬ ಪಟ್ಟಣದ ಸೀಮೆಯಿದು. ಅಲ್ಲಿಯ ಹಣ್ಣಿಗೆ ಮಿಕಾನ್ ಎಂದು ಹೆಸರು. ನಮ್ಮ ಕೊಡಗಿನ ಕಿತ್ತಳೆಗೆ ಅದು ದಾಯಾದಿಯೇ ಸರಿ. ಸಿಪ್ಪೆ ಸಡಿಲ, ಬೀಜ ಇಲ್ಲವೆಂಬಷ್ಟು ಅಪರೂಪ. ಆದುದರಿಂದ ಒಂದನ್ನು ತಿಂದವನು ಒಂದಕ್ಕೇ ನಿಲ್ಲಿಸಿದನೆಂಬ ಮಾತು ಅಷ್ಟಾಗಿ ನಂಬತಕ್ಕುದಲ್ಲ.

ಚಳಿಗಾಲದುದ್ದಕ್ಕೂ ಮಿಕಾನನ್ನು ಧಾರಾಳವಾಗಿ ತಿನ್ನುವವರ ಅಂಗೈ ಹಳದಿಗಟ್ಟುವುದು ಜಪಾನೀಯರಿಗೆ ಹಳೆಯ ಅನುಭವ. ಹಾಗೆ ಬಣ್ಣ ಕಟ್ಟುವ ವಸ್ತುಗಳಲ್ಲಿ ಮುಖ್ಯವಾದುದು ಬೀಟಾ ಕ್ರಿಪ್ಟೋಕ್ಸಾಂಥಿನ್ ಎಂಬ ವರ್ಣದ್ರವ್ಯ. ದೇಹವು ಇದನ್ನು ಎ ಜೀವಸತ್ವವಾಗಿ ಪರಿವರ್ತಿಸಿಕೊಳ್ಳಬಲ್ಲುದು. ಮಿಕ್ಕಬಿಯ ಜನರ ರಕ್ತದಲ್ಲಿ ಈ ದ್ರವ್ಯ ಎಷ್ಟಿದೆ, ಅದಕ್ಕೂ ಅವರ ಆರೋಗ್ಯಕ್ಕೂ ಸಂಬಂಧವೇನಾದರೂ ಉಂಟೇ ಎಂಬುದನ್ನರಿಯಲು ಸುಗಿಯುರಾ ಮಿನೋರು ಎಂಬ ಹಣ್ಣುಗಳ ಸಂಶೋಧಕರೂ ಹಮಾಮತ್ಸು ವೈದ್ಯಕೀಯ ವಿಶ್ವವಿದ್ಯಾಲಯದ ವೈದ್ಯರೂ ಕೂಡಿ, ವಾರ್ಷಿಕ ಆರೋಗ್ಯ ತಪಾಸಣೆಗೆ ಬರುತ್ತಿದ್ದ ಸಾವಿರದಷ್ಟು ಮಂದಿಯನ್ನು 2003ರಿಂದ ವರ್ಷಗಟ್ಟಲೆ ಅನುಸರಿಸಿ ನೋಡಿದರು. ಮುಟ್ಟು ನಿಂತ ಹೆಂಗಸರಲ್ಲಿ ಈ ದ್ರವ್ಯ ರಕ್ತದಲ್ಲಿ ಸಮೃದ್ಧವಾಗಿದ್ದವರಿಗೆ ಮೂಳೆಸವೆತ ಕಾಣಿಸಿಕೊಂಡುದು ಇತರರಿಗಿಂತ ಕಡಿಮೆ ಎಂದು ತಿಳಿದುಬಂತು. ಹಣ್ಣು ತಿನ್ನುವ ಅಭ್ಯಾಸವುಳ್ಳವರು ಇತರ ವಿಷಯಗಳಲ್ಲಿಯೂ ಹಿತಮಿತರಾಗಿರಬಹುದಾದುದರಿಂದ, ಇಂತಹ ಅವಲೋಕನವೊಂದರಿಂದಲೇ ಹಣ್ಣು ಮೂಳೆಯನ್ನು ಕಾಯಿತೆಂದು ಸಾರುವುದು ದುಡುಕಾದೀತು. ಆದರೂ ತೋಟದ ಹಣ್ಣನ್ನೂ ತೋಟಗಾರನ ರಕ್ತವನ್ನೂ ಒಟ್ಟಿಗೆ ಅಳೆದ ಊರುಗಳು ಜಗತ್ತಿನಲ್ಲಿ ಹೆಚ್ಚಿಲ್ಲ.

ಈ ಹಣ್ಣಿನಲ್ಲೇ ಆ ದ್ರವ್ಯ ಇಷ್ಟೊಂದು ಶೇಖರವಾಗುವುದೇಕೆಂಬುದು ಸಸ್ಯರಸಾಯನದ ಒಂದು ಸ್ವಾರಸ್ಯ. ಗಿಡವು ತನ್ನ ಬಣ್ಣಗಳನ್ನು ಒಂದರಿಂದೊಂದಾಗಿ, ಮೆಟ್ಟಿಲುಮೆಟ್ಟಿಲಾಗಿ ತಯಾರಿಸುತ್ತದೆ: ಬೀಟಾ ಕ್ಯಾರೊಟೀನಿನಿಂದ ಕ್ರಿಪ್ಟೋಕ್ಸಾಂಥಿನ್, ಅದರಿಂದ ಝಿಯಾಕ್ಸಾಂಥಿನ್, ಅದರಿಂದ ಮುಂದೆ ವಯೋಲಾಕ್ಸಾಂಥಿನ್. ಕೊನೆಯ ಎರಡರಿಂದ ನಮಗೆ ಎ ಜೀವಸತ್ವ ದೊರೆಯದು. ಸಾಮಾನ್ಯ ಮೂಸಂಬಿ ಜಾತಿಯ ಹಣ್ಣುಗಳಲ್ಲಿ ಈ ಪ್ರವಾಹ ಕೊನೆಯವರೆಗೂ ಹರಿದುಬಿಡುತ್ತದೆ. ಮಿಕಾನಿನಲ್ಲಾದರೋ ಮೇಲಿನ ಮೆಟ್ಟಿಲುಗಳ ಕೆಲಸ ಚುರುಕು, ಕೆಳಗಿನವುಗಳ ಕೆಲಸ ಮಂದ. ಕೆರೆಯ ತೂಬನ್ನು ಅರೆ ಮುಚ್ಚಿದಾಗ ನೀರು ಹಿಂದೆಯೇ ತುಂಬಿ ನಿಲ್ಲುವಂತೆ, ದ್ರವ್ಯವು ಮಧ್ಯದ ಹಂತದಲ್ಲಿ ಸಂಗ್ರಹವಾಗುತ್ತದೆ. ಹಣ್ಣು ಸಿಹಿಯಾದಷ್ಟೂ ಇದರ ಪ್ರಮಾಣವೂ ಏರುವ ಪ್ರವೃತ್ತಿಯುಂಟು. ರುಚಿಗಾಗಿ ಆರಿಸಿದ ರೈತನು ತನಗರಿಯದೆಯೇ ಪೋಷಕವನ್ನೂ ಆರಿಸಿದಂತಾಯಿತು.

2015ರ ಏಪ್ರಿಲಿನಲ್ಲಿ ಜಪಾನ್ ಸರ್ಕಾರ, ಆಹಾರ ಪದಾರ್ಥದ ಆರೋಗ್ಯಗುಣವನ್ನು ಉತ್ಪಾದಕರೇ ಸಾಕ್ಷ್ಯಸಮೇತ ಘೋಷಿಸಿ ಪೆಟ್ಟಿಗೆಯ ಮೇಲೆ ಅಚ್ಚುಹಾಕಲು ಅವಕಾಶವೀಯುವ ಹೊಸ ಕ್ರಮವನ್ನು ಜಾರಿಗೆ ತಂದಿತು. ಅದೇ ವರ್ಷ ಮಿಕ್ಕಬಿಯ ಕೃಷಿ ಸಹಕಾರ ಸಂಘ ಸಲ್ಲಿಸಿದ ಘೋಷಣೆಯ ಮೂಲಕ ಅಲ್ಲಿಯ ಮಿಕಾನ್, ಕಾರ್ಖಾನೆಯ ಗುಳಿಗೆಗಳ ಸಾಲಿನಲ್ಲಿ ಸ್ಥಾನ ಪಡೆದ ಮೊತ್ತಮೊದಲ ತಾಜಾ ಫಲಗಳಲ್ಲೊಂದೆನಿಸಿತು. ಎಲುಬಿನ ಆರೋಗ್ಯಕ್ಕೆ ದಿನಕ್ಕೆ 3 ಮಿಲಿಗ್ರಾಮ್ ಕ್ರಿಪ್ಟೋಕ್ಸಾಂಥಿನ್, ಅಂದರೆ ಸರಿಸುಮಾರು ಮೂರು ಹಣ್ಣು, ಎಂಬುದು ಅದರ ಲೆಕ್ಕ. ಮರದ ಹಣ್ಣು ಒಂದರಂತೆ ಒಂದಿರದೆಂಬುದರಿಂದ ಹೀಗೆ ಅಂಕೆಯೊಂದಕ್ಕೆ ಬದ್ಧರಾಗುವುದು ರೈತರ ಸಂಘಕ್ಕೆ ಸಣ್ಣ ಸಾಹಸವಲ್ಲ.

ಮಿಕಾನ್ ತಿನ್ನುವ ಜಪಾನಿಗೆ ಇಂದು ಎ ಜೀವಸತ್ವದ ಬರವಿಲ್ಲ. ಉಂಡು ತಣಿದವರ ಎಲುಬಿನ ಚಿಂತೆ ಅದು. ಹೊಟ್ಟೆ ತುಂಬಿದರೂ ಕಬ್ಬಿಣ, ಸತು, ಎ ಜೀವಸತ್ವಗಳು ಸಾಲದೆ ಸೊರಗುವ ಗುಪ್ತಕ್ಷುಧೆಗೆ ತುತ್ತಾದವರು ಜಗತ್ತಿನಲ್ಲಿ 200 ಕೋಟಿ ಎಂಬುದು ಬಹುಕಾಲದಿಂದ ರೂಢಿಯಲ್ಲಿರುವ ಅಂದಾಜು. ಹಾಗೆ ನೋಡಿದರೆ ಜಪಾನೂ ಇದನ್ನು ಅನುಭವಿಸಿಯೇ ಬಂದ ದೇಶ. ನುಣ್ಣಗೆ ಪಾಲಿಷ್ ಮಾಡಿದ ಅಕ್ಕಿಯ ಅನ್ನವನ್ನೇ ನೆಚ್ಚಿದವರನ್ನು ಬೆರಿಬೆರಿ ರೋಗ ಅಲ್ಲಿ ಸಾವಿರಗಟ್ಟಲೆ ಬಲಿ ತೆಗೆದುಕೊಂಡಿತ್ತು. ಅಕ್ಕಿಯ ತೌಡಿನಲ್ಲಿಯೇ ಅದರ ನಿವಾರಕವಿದೆಯೆಂದು 1910ರಲ್ಲಿ ಪ್ರತಿಪಾದಿಸಿದ ರಸಾಯನಜ್ಞ ಸುಜುಕಿ ಉಮೆತಾರೋ ಹುಟ್ಟಿದ್ದು ಹಮಾಮತ್ಸುವಿನ ಪೂರ್ವಕ್ಕೆ, ಅದೇ ಷಿಜುವೊಕ ಪ್ರಾಂತದ ಒಂದು ಹಳ್ಳಿಯಲ್ಲಿ.

ಈ ಗುಪ್ತಕ್ಷುಧೆಯನ್ನು ನೀಗಲು, ಕಾಳಿಗೆ ಹೊರಗಿನಿಂದ ಪೋಷಕವನ್ನು ಬೆರೆಸುವ ಬದಲು, ಅದನ್ನು ತಾನಾಗಿಯೇ ಹೆಚ್ಚಾಗಿ ತುಂಬಿಕೊಳ್ಳುವ ತಳಿಯನ್ನು ಬೆಳೆಸುವುದಕ್ಕೆ ಜೈವಿಕ ಸಾರವರ್ಧನೆ ಎನ್ನುತ್ತಾರೆ. ಇದನ್ನು ಜಾಗತಿಕ ಪ್ರಯತ್ನವಾಗಿ ರೂಪಿಸಿದ ಅರ್ಥಶಾಸ್ತ್ರಜ್ಞ ಹೋವರ್ತ್ ಬೂಯಿಸ್, ಕಿತ್ತಳೆ ಬಣ್ಣದ ಸಿಹಿಗೆಣಸನ್ನು ಆಫ್ರಿಕದಲ್ಲಿ ಹರಡಿದ ಮೂವರು ವಿಜ್ಞಾನಿಗಳೊಡನೆ 2016ರ ವಿಶ್ವ ಆಹಾರ ಪ್ರಶಸ್ತಿಯನ್ನು ಹಂಚಿಕೊಂಡರು. ಮೆಕ್ಕೆಜೋಳದಲ್ಲಿ ತಳಿವಿಜ್ಞಾನಿಗಳು ಮಾಡಿದುದು ಮಿಕಾನಿನಲ್ಲಿ ಪ್ರಕೃತಿ ಮಾಡಿದ ಕೆಲಸವನ್ನೇ: ಬೀಟಾ ಕ್ಯಾರೊಟೀನನ್ನು ಮುಂದಿನ ಹಂತಗಳಿಗೆ ಸಾಗಿಸುವ ಕಿಣ್ವದ ದುರ್ಬಲ ರೂಪವುಳ್ಳ ಗಿಡಗಳನ್ನು ಹುಡುಕಿ, ಅವುಗಳ ಗುಣವನ್ನು ಸಂಕರದಿಂದ ಬೇರೆ ತಳಿಗಳಿಗೆ ತಂದರು. ಭಾರತದಲ್ಲಿ 2017ರಲ್ಲಿ ಬಿಡುಗಡೆಯಾದ ಪೂಸಾ ವಿವೇಕ್ ಕ್ಯೂಪಿಎಂ 9 ಇಂಪ್ರೂವ್ಡ್ ಎಂಬ ಮೆಕ್ಕೆಜೋಳ ಇದೇ ದಾರಿಯಲ್ಲಿ ಬಂದುದು.

ತಳಿಯನ್ನು ಸೃಷ್ಟಿಸುವುದಕ್ಕಿಂತ ಅದನ್ನು ಕೋಟ್ಯಂತರ ತಟ್ಟೆಗಳಿಗೆ ಮುಟ್ಟಿಸುವುದು ಕಷ್ಟವೆಂಬುದು ಇಲ್ಲಿಂದ ಮುಂದೆ ಅರಿವಾಗುತ್ತದೆ. ಮಿಕ್ಕಬಿಯಲ್ಲಿ ಬಣ್ಣವೇ ಹಣ್ಣಿನ ಆಕರ್ಷಣೆ; ಆಫ್ರಿಕ ಖಂಡದ ದಕ್ಷಿಣ ಭಾಗದ ಹಳ್ಳಿಗಳಲ್ಲಿ ಬಿಳಿಯ ಮೆಕ್ಕೆಜೋಳವೇ ಗೌರವದ ಊಟ, ಹಳದಿಯದು ಪಶುಗಳ ಮೇವೆಂದೋ ಬರಗಾಲದ ದಾನವೆಂದೋ ಹೀನವಾಗಿ ಕಾಣುವ ಪದಾರ್ಥ. ನಮ್ಮಲ್ಲಿಯೂ ಪಡಿತರದ ಅಕ್ಕಿಗೆ ಸಾರವರ್ಧಿತ ಕಾಳುಗಳನ್ನು ಬೆರೆಸಿದಾಗ, ಉಳಿದ ಕಾಳಿಗಿಂತ ಅವು ಬೇರೆಯಾಗಿ ತೋರಿದ ಒಂದೇ ಕಾರಣಕ್ಕೆ ಪ್ಲಾಸ್ಟಿಕ್ ಅಕ್ಕಿಯೆಂಬ ಗುಲ್ಲು ಊರೂರಿನಲ್ಲಿ ಎದ್ದಿತಷ್ಟೆ. ಅನ್ನ ನಿನ್ನೆಯಂತೆಯೇ ಇಂದೂ ಕಾಣಬೇಕೆಂಬ ಬಡವನ ಹಟವನ್ನು ಅಜ್ಞಾನವೆಂದು ತಳ್ಳಿಹಾಕುವ ಧೈರ್ಯ ನನಗಿಲ್ಲ. ಕೈಗೆ ಬಂದ ಒಂದೇ ಬಗೆಯ ಧಾನ್ಯದ ಮೇಲೆ ಬದುಕುವವನು ಅದನ್ನು ಅನುಮಾನಿಸುವುದು ನ್ಯಾಯವೇ. ಆದರೆ ಬಣ್ಣ ಬದಲಾದರೂ ತಿಳಿಹೇಳಿದರೆ ಜನ ಒಪ್ಪುವುದುಂಟು. ಉಗಾಂಡ ಮೊಜಾಂಬಿಕ್‌ಗಳಲ್ಲಿ ಸುಮಾರು 24,000 ಕುಟುಂಬಗಳಿಗೆ ಕಿತ್ತಳೆ ಬಣ್ಣದ ಗೆಣಸಿನ ಬಳ್ಳಿಯನ್ನು ಹಂಚಿ, ಒಂದು ಗುಂಪಿಗೆ ಹಲವು ವರ್ಷ, ಇನ್ನೊಂದಕ್ಕೆ ಒಂದೇ ವರ್ಷ ತಿಳಿವಳಿಕೆ ನೀಡಿ ಹೋಲಿಸಿದಾಗ, ಫಲ ಬಹುಮಟ್ಟಿಗೆ ಸಮನಾಗಿತ್ತು. ಖರ್ಚಿನ ಲೆಕ್ಕ ನೋಡುವ ಸರ್ಕಾರಗಳಿಗೆ ಇದಕ್ಕಿಂತ ಹಿತವಾದ ಸುದ್ದಿ ಬೇರಿಲ್ಲ.

ಕಬ್ಬಿಣ ಸತುಗಳ ವಿಷಯವೇ ಬೇರೆ. ಅವು ಕಣ್ಣಿಗೂ ನಾಲಗೆಗೂ ಗೊತ್ತಾಗವು. ಜನರ ಅನುಮಾನವನ್ನು ಕೆರಳಿಸದಿರುವುದು ಅವುಗಳ ಗುಣ, ಮಾರುಕಟ್ಟೆಯಲ್ಲಿ ಹೆಚ್ಚಿನ ಬೆಲೆಯನ್ನು ತಾರದಿರುವುದು ದೋಷ. ಮಿಕ್ಕಬಿಯ ರೈತನಿಗೆ ಪೆಟ್ಟಿಗೆಯ ಮೇಲಿನ ಅಚ್ಚು ಒದಗಿಬಂತು. ಕೊಪ್ಪಳ ವಿಜಯಪುರಗಳ ಸಂತೆಗೆ ಸಜ್ಜೆಯ ಚೀಲ ಹೊತ್ತು ಬಂದವನ ಕಾಳಿನ ಕಬ್ಬಿಣವನ್ನು ಅಳೆದು ದರ ಕಟ್ಟುವ ದಲ್ಲಾಳಿ ಎಲ್ಲಿದ್ದಾನೆ? ಹೈದರಾಬಾದಿನ ಬಳಿಯ ಪಟಾನ್‌ಚೆರುವಿನಲ್ಲಿರುವ ಇಕ್ರಿಸಾಟ್ ಎಂಬ ಕೃಷಿ ಸಂಶೋಧನಾ ಸಂಸ್ಥೆಯಲ್ಲಿ ಸಿದ್ಧವಾದ ಧನಶಕ್ತಿ ಎಂಬ ಸಜ್ಜೆಯ ತಳಿಯಲ್ಲಿ ಕಿಲೋಗ್ರಾಮಿಗೆ 70 ಮಿಲಿಗ್ರಾಮಿನಷ್ಟು ಕಬ್ಬಿಣವಿದೆ; ಮಹಾರಾಷ್ಟ್ರದ ಶಾಲಾಮಕ್ಕಳಿಗೆ ಕಬ್ಬಿಣಯುಕ್ತ ಸಜ್ಜೆಯನ್ನು ಆರು ತಿಂಗಳು ಉಣಿಸಿದ ಪ್ರಯೋಗದಲ್ಲಿ ಅವರ ದೇಹದ ಕಬ್ಬಿಣದ ದಾಸ್ತಾನು ಏರಿದುದೂ ಕಂಡುಬಂತು. ಆದರೆ ಧನಶಕ್ತಿಯ ಬೀಜವನ್ನು ರೈತನು ಮನೆಯಲ್ಲೇ ಉಳಿಸಿಕೊಳ್ಳಬಹುದಾದರೂ, ಹೆಚ್ಚಿನ ಇಳುವರಿ ಕೊಡುವ ಸಂಕರ ತಳಿಗಳ ಕಡೆಗೇ ಆತನ ಒಲವು. ಮಕ್ಕಳ ರಕ್ತಕ್ಕಾಗಿ ಚೀಲದ ತೂಕವನ್ನು ಬಿಟ್ಟುಕೊಡೆಂದು ಅವನಿಗೆ ಹೇಳುವ ಹಕ್ಕು ನಮಗಾರಿಗೂ ಇದ್ದಂತಿಲ್ಲ.

ಈ ತೊಡಕನ್ನು ಬಿಡಿಸಲು ಸಜ್ಜೆಯ ಅಖಿಲ ಭಾರತ ಸಂಶೋಧನಾ ಯೋಜನೆ 2018ರಲ್ಲಿ ಹಿಡಿದ ದಾರಿ ಪ್ರಚಾರದ್ದಲ್ಲ, ಕಾನೂನಿನಂತಹುದು: ದೇಶದಲ್ಲಿ ಬಿಡುಗಡೆಗೆ ಅರ್ಹವಾಗಬೇಕಾದ ಪ್ರತಿಯೊಂದು ಹೊಸ ಸಜ್ಜೆಯ ತಳಿಯಲ್ಲಿಯೂ ಕಿಲೋಗ್ರಾಮಿಗೆ ಕಡಿಮೆಯೆಂದರೆ 42 ಮಿಲಿಗ್ರಾಮ್ ಕಬ್ಬಿಣವೂ 32 ಮಿಲಿಗ್ರಾಮ್ ಸತುವೂ ಇರತಕ್ಕುದೆಂದು ಅದು ಗೊತ್ತುಮಾಡಿತು. ಇನ್ನು ಇಳುವರಿಯನ್ನು ಹೆಚ್ಚಿಸಹೊರಟ ತಳಿಗಾರನೂ, ಅದನ್ನು ಮಾರುವ ಬೀಜದ ಕಂಪನಿಯೂ ಈ ಹೊಸ್ತಿಲನ್ನು ದಾಟಿಯೇ ಬರಬೇಕು. ರೊಟ್ಟಿ ತಟ್ಟುವವಳು ಅದಕ್ಕಾಗಿ ಯಾವ ಚೀಟಿಯನ್ನೂ ಓದಬೇಕಾದುದಿಲ್ಲ.