ಐವತ್ತು ಎಚ್‌ಪಿ ಎಳೆದದ್ದನ್ನು ನಿಲ್ಲಿಸುವವರು ಯಾರು?

ಹತ್ತಿ ಬಿಡಿಸುವ ಕಾಲಕ್ಕೆ ಯಾದಗಿರಿ, ಶಹಾಪುರ, ಸುರಪುರದ ರಸ್ತೆಗಳಲ್ಲಿ ಟ್ರ್ಯಾಕ್ಟರುಗಳದೇ ಸಾಲು. ನಾರಾಯಣಪುರದ ಕಾಲುವೆ ನೀರು ಹರಿದ ಮೇಲೆ ಭತ್ತದ ಚೀಲಗಳೂ ಟ್ರ್ಯಾಲಿ ಏರಿವೆ. ಟ್ರ್ಯಾಕ್ಟರ್ ಕೊಳ್ಳಲು ಹೋದವರು ಮೊದಲು ಕೇಳುವುದು ‘ಎಷ್ಟು ಎಚ್‌ಪಿ?’ ಎಂದು. ಸ್ಪೋರ್ಟ್ಸ್ ಕಾರು ಕೊಳ್ಳುವವರೂ ಅದನ್ನೇ ಕೇಳುತ್ತಾರೆ. ಕಾರು ಕಟ್ಟುವ ಎಂಜಿನಿಯರ್ ಮಾತ್ರ ಅದನ್ನು ನಿಲ್ಲಿಸುವ ಲೆಕ್ಕವನ್ನೂ ಜೊತೆಗೇ ಹಾಕಿರುತ್ತಾನೆ.

ಆ ಲೆಕ್ಕ ಅಚ್ಚರಿಯದು. 1500 ಕಿಲೋ ತೂಕದ ಕಾರು ಗಂಟೆಗೆ 100 ಕಿ.ಮೀ. ವೇಗದಲ್ಲಿರುವಾಗ ಅದರ ಚಲನಶಕ್ತಿ ಸುಮಾರು 580 ಕಿಲೋಜೂಲ್. ಮೂರು ಸೆಕೆಂಡಿನಲ್ಲಿ ನಿಲ್ಲಿಸಬೇಕಾದರೆ ಬ್ರೇಕು ಸರಾಸರಿ 260 ಎಚ್‌ಪಿಯ ಕೆಲಸ ಮಾಡಬೇಕು. ವೇಗ ಎರಡು ಪಟ್ಟಾದರೆ ಶಕ್ತಿ ನಾಲ್ಕು ಪಟ್ಟು. ಅದೆಲ್ಲ ಬಹುಪಾಲು ಶಾಖವಾಗಿ ಬ್ರೇಕಿನ ಕಬ್ಬಿಣಕ್ಕೆ ಇಳಿಯುತ್ತದೆ.

ದೊಡ್ಡ ಬ್ರೇಕ್ ಹಾಕಿದರೆ ಕಾರು ಬೇಗ ನಿಲ್ಲುತ್ತದೆ ಎಂದುಕೊಳ್ಳುವವರು ಬಹಳ. ಒಮ್ಮೆ ಗಟ್ಟಿಯಾಗಿ ಒತ್ತಿದಾಗ ಎಷ್ಟು ದೂರದಲ್ಲಿ ನಿಲ್ಲುತ್ತದೆಂಬುದನ್ನು ಟೈರಿನ ಹಿಡಿತವೇ ನಿರ್ಧರಿಸುತ್ತದೆ. ದೊಡ್ಡ ಬ್ರೇಕಿನ ಬೆಲೆ ತಿಳಿಯುವುದು ನಾಲ್ಕನೆಯ, ಐದನೆಯ ಸಲ ಒತ್ತಿದಾಗ. ಸಣ್ಣ ಬ್ರೇಕು ಅಷ್ಟರಲ್ಲಿ ಕಾದು ಹಿಡಿತ ಕಳೆದುಕೊಂಡಿರುತ್ತದೆ. ಬ್ರೇಕ್ ಆಯಿಲ್ ಕುದಿದರಂತೂ ಪೆಡಲು ತಳ ಮುಟ್ಟುತ್ತದೆ. ಗಾಳಿಗೆ ಮೈಯೊಡ್ಡಿ ತಣ್ಣಗಾಗುವ ಡಿಸ್ಕ್ ಬ್ರೇಕಿನೊಂದಿಗೆ ಜಾಗ್ವಾರ್ ಕಾರು 1953ರಲ್ಲಿ ಫ್ರಾನ್ಸಿನ ಲ ಮಾನ್ಸ್ 24 ಗಂಟೆಗಳ ಓಟವನ್ನು ಗೆದ್ದಿತು.

ಈಗ ನಮ್ಮ ರಸ್ತೆಗೆ ಬರೋಣ. ಟ್ರ್ಯಾಕ್ಟರು ಎರಡು ಟನ್, ತುಂಬಿದ ಟ್ರ್ಯಾಲಿ ಆರು ಟನ್ ಎನ್ನಿ. ಸಾಮಾನ್ಯವಾಗಿ ಟ್ರ್ಯಾಕ್ಟರಿಗೆ ಬ್ರೇಕ್ ಇರುವುದು ಹಿಂದಿನ ಎರಡು ಗಾಲಿಗೆ ಮಾತ್ರ; ಎಷ್ಟೋ ಟ್ರ್ಯಾಲಿಗಳಿಗೆ ಬ್ರೇಕೇ ಇಲ್ಲ. ಆ ಎರಡು ಗಾಲಿಗಳ ಮೇಲಿನ ಭಾರ ಒಂದೂವರೆ ಟನ್ ಎಂದಿಟ್ಟುಕೊಂಡರೂ, ಅಷ್ಟರ ಹಿಡಿತದಿಂದ ಎಂಟು ಟನ್ ನಿಲ್ಲಬೇಕು. ಗಂಟೆಗೆ 30 ಕಿ.ಮೀ. ವೇಗದಲ್ಲಿ ನಾಲ್ಕೂ ಗಾಲಿಗೆ ಬ್ರೇಕಿರುವ ಕಾರು ಐದಾರು ಮೀಟರಿನಲ್ಲಿ ನಿಂತರೆ, ಈ ಜೋಡಿಗೆ 25 ಮೀಟರಿಗೂ ಹೆಚ್ಚು ಬೇಕು. ಚಾಲಕನ ಕಾಲು ಪೆಡಲಿಗೆ ಹೋಗುವ ಹೊತ್ತು ಬೇರೆ. ಇಳಿಜಾರಿನಲ್ಲಿ ಬಂಡಿ ಎತ್ತಿನ ಹೆಗಲ ಮೇಲೆ ಬರುವುದನ್ನು ಹಿರಿಯರು ಬಲ್ಲರು. ಟ್ರ್ಯಾಲಿಯೂ ಹಾಗೆಯೇ ಟ್ರ್ಯಾಕ್ಟರನ್ನು ಹಿಂದಿನಿಂದ ನೂಕಿ ಅಡ್ಡ ತಿರುಗಿಸುತ್ತದೆ.

ಇನ್ನೊಂದು ಮಾತು. ಹೊಲದಲ್ಲಿ ಗಕ್ಕನೆ ತಿರುಗಲೆಂದು ಎಡ ಬಲ ಗಾಲಿಗೆ ಬೇರೆ ಬೇರೆ ಬ್ರೇಕ್ ಪೆಡಲು ಕೊಟ್ಟಿರುತ್ತಾರೆ. ರಸ್ತೆಗೆ ಬಂದೊಡನೆ ಎರಡನ್ನೂ ಕೊಂಡಿ ಹಾಕಿ ಜೋಡಿಸಲೇಬೇಕು. ಇಳಿಜಾರಿನಲ್ಲಿ ಡೀಸೆಲ್ ಉಳಿಸಲು ನ್ಯೂಟ್ರಲ್ ಮಾಡಬೇಡಿ. ಕೆಳ ಗೇರಿನಲ್ಲಿದ್ದರೆ ಎಂಜಿನ್ನೇ ಅರ್ಧ ಬ್ರೇಕು.

ಆ ಟ್ರ್ಯಾಲಿಗಳಲ್ಲಿ ಹತ್ತಿಯಷ್ಟೇ ಅಲ್ಲ, ಕೂಲಿಗೆ ಹೋಗುವ ನಮ್ಮ ಅಕ್ಕತಂಗಿಯರೂ ಕೂತಿರುತ್ತಾರೆ. ಟ್ರ್ಯಾಲಿ ಕಟ್ಟಿಸುವಾಗ ಅದರ ಗಾಲಿಗಳಿಗೂ ಬ್ರೇಕ್ ಹಾಕಿಸಿ.